ಯಾವುದರ ಜೊತೆ ಯಾವುದು ಎಂದು ಕೇಳುವ ಮುಸ್ತಫಾ

ಬೆಳಗಿನ ಐದೂವರೆ. ಬೆಟ್ಟದ ಮೇಲಿನ ಅತ್ತಿಗುಂಡಿಯ ಹೋಂಸ್ಟೇ ಅಂಗಳದಲ್ಲಿ, ಪ್ರವಾಸಿಗರನ್ನು ಸುತ್ತಾಡಿಸುವ ಚಾಲಕ ಗುಲಾಮ್ ಮುಸ್ತಫಾ ಜೀಪು ನಿಲ್ಲಿಸುತ್ತಾರೆ. ಸೂರ್ಯೋದಯ ನೋಡಲು ಹೊರಡಬೇಕಿದ್ದ ಮೋಹಿತ್ ಎಂಬ ಪ್ರವಾಸಿ ಮೆಟ್ಟಿಲ ಮೇಲೆ ಕುಳಿತು, ಯಾರೋ ತನ್ನನ್ನು ಹಿಡಿಯಲು ಬರುತ್ತಿದ್ದಾರೆಂದು ನಡುಗುತ್ತಿದ್ದಾನೆ. ಅಡುಗೆಯ ಕಲ್ಲಮ್ಮ ಲೋಟ ತರುತ್ತಾರೆ.

"ಸ್ಟ್ರಾಂಗ್ ಕಾಫಿ ಕುಡ್ಸಿ ಮುಸ್ತಫಣ್ಣ, ನಶೆ ಇಳೀತದೆ."

"ಕಾಫಿ ನಂಗೆ ಕೊಡಿ ಕಲ್ಲಮ್ಮ. ಅವ್ನಿಗೊಂದು ಕಂಬಳಿ ತನ್ನಿ."

ಆಮೇಲೆ ಅವನ ಪಕ್ಕ ಕುಳಿತು ಮೆಲ್ಲಗೆ ಕೇಳುತ್ತಾರೆ: "ಯಾವುದ್ರ ಜೊತೆ ಯಾವ್ದು ತಗೊಂಡೆ ಮಾರಾಯ? ನಾನು ಪೊಲೀಸಲ್ಲ. ಡಾಕ್ಟ್ರು ಕೇಳ್ತಾರೆ, ಅದಕ್ಕೆ."

ಮದ್ಯ, ಅದರ ಮೇಲೆ ಗಾಂಜಾ. ಅವನ ಜೊತೆ ಬಂದಿದ್ದ ಗೆಳೆಯನ ಜೇಬಿನಿಂದ ಖಾಲಿಯಾದ ಮಾತ್ರೆ ಪಟ್ಟಿಯೂ ಹೊರಬರುತ್ತದೆ. ಅದನ್ನು ಜೋಪಾನವಾಗಿ ಇಟ್ಟುಕೊಂಡು ಮುಸ್ತಫಾ ಇಬ್ಬರನ್ನೂ ಜೀಪು ಹತ್ತಿಸುತ್ತಾರೆ. ಚಿಕ್ಕಮಗಳೂರಿನ ಆಸ್ಪತ್ರೆಗೆ ಒಂದು ಗಂಟೆಯ ದಾರಿ. ನಿದ್ದೆಗೆ ಜಾರದಿರಲೆಂದು ತಿರುವು ತಿರುವಿಗೂ ಹೆಸರು ಹಿಡಿದು ಕರೆಯುತ್ತಾರೆ. ಬೈಗುಳವಾದರೂ ಸರಿ, ಉತ್ತರ ಬರಬೇಕು. ಆರು ವರ್ಷಗಳಲ್ಲಿ ಹೀಗೆ ಬೆಟ್ಟದಿಂದ ಆಸ್ಪತ್ರೆಗೆ ಇಳಿಸಿದ್ದು ನಲವತ್ತೊಂದು ಜನರನ್ನು.

ಆ ಪ್ರಶ್ನೆಯನ್ನು ಅವರು ಸ್ವಂತ ತಮ್ಮನಿಗೆ ಕೇಳಿರಲಿಲ್ಲ. ಜುನೈದ್ ಮೆಕ್ಯಾನಿಕ್, ಬಾನೆಟ್ ಎತ್ತದೆ, ಸದ್ದು ಕೇಳಿಯೇ ಗಾಡಿಯ ಕಾಯಿಲೆ ಹೇಳುತ್ತಿದ್ದವನು. ಆರು ವರ್ಷದ ಹಿಂದಿನ ಒಂದು ಭಾನುವಾರ ಮಧ್ಯಾಹ್ನ ಗೆಳೆಯರೊಡನೆ ಕುಡಿದು, ಮೇಲೆ ನಿದ್ರೆಮಾತ್ರೆ ನುಂಗಿ ತೂರಾಡುತ್ತ ಬಂದ. ಈ ಕಡೆ ಎಲ್ಲರೂ ಮಾಡುವಂತೆ ಅಣ್ಣ ಕಡು ಕಾಫಿ ಕುಡಿಸಿ ಮಲಗಿಸಿದರು. ಸಂಜೆ ಹೊದಿಕೆ ಸರಿಮಾಡಲು ಹೋದಾಗ ಅವನ ತುಟಿ ನೀಲಿಗಟ್ಟಿತ್ತು.

"ಅವೆರಡೂ ಸೇರಿದ್ರೆ ಉಸಿರನ್ನೇ ಮಲಗಿಸ್ತವಂತೆ. ಮಿದುಳಿಗೆ ಗಾಳಿ ಸಾಲ್ದೆ ಹೋಯ್ತು ಅಂದ್ರು ಡಾಕ್ಟ್ರು. ಜೀವ ಉಳೀತು. ಕಾಫಿಗೆ ಅದನ್ನ ಇಳಿಸೋ ಶಕ್ತಿ ಇಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ," ಎನ್ನುತ್ತಾರೆ ಮುಸ್ತಫಾ.

ಈಗ ಸ್ಪ್ಯಾನರ್ ಹಿಡಿದರೂ ಯಾವ ಬೋಲ್ಟ್ ಎಂಬುದು ಜುನೈದ್‌ಗೆ ಮರೆತುಹೋಗುತ್ತದೆ. ನಗುತ್ತಿದ್ದವನು ಕಾರಣವಿಲ್ಲದೆ ಸಿಡುಕುತ್ತಾನೆ, ಆಮೇಲೆ ಮುಖ ಮುಚ್ಚಿಕೊಂಡು ಕೂರುತ್ತಾನೆ.

ಆಸ್ಪತ್ರೆಯಲ್ಲಿ ಮೋಹಿತ್ ಹತ್ತು ಗಂಟೆಗೆ ಇಡ್ಲಿ ಕೇಳಿದನೆಂಬ ಸುದ್ದಿ ಹೊತ್ತು ಮುಸ್ತಫಾ ಮನೆಗೆ ಬರುತ್ತಾರೆ. ಒಳಗೆ ಹೋಗುವ ಮೊದಲು, ಯಾರೂ ನೋಡದಂತೆ ಬಾನೆಟ್ ಎತ್ತಿ ಎಂಜಿನ್ನಿನ ಫ್ಯಾನ್ ಬೆಲ್ಟನ್ನು ಸ್ವಲ್ಪ ಸಡಿಲಿಸುತ್ತಾರೆ. ಮತ್ತೆ ಚಾಲೂ ಮಾಡಿದಾಗ ಎಂಜಿನ್ ಕಿರ್ರೆನ್ನುತ್ತದೆ.

"ಎಂಥದೋ ಸದ್ದು ಕಣೋ, ನೋಡು."

ಜುನೈದ್ ತಲೆ ವಾರೆ ಮಾಡಿ ಬಹಳ ಹೊತ್ತು ಕೇಳಿಸಿಕೊಳ್ಳುತ್ತಾನೆ. "ಗೊತ್ತಾಗ್ತಿಲ್ಲ ಭಾಯ್," ಎಂದು ಒಳಗೆ ಹೋಗುತ್ತಾನೆ.

ಮುಸ್ತಫಾ ಬೆಲ್ಟ್ ಬಿಗಿ ಮಾಡುತ್ತಾರೆ. "ಮುಂಚೆ ಆಗಿದ್ರೆ 'ನಿಂಗೆ ಕಿವಿ ಇಲ್ವಾ, ಇಷ್ಟು ದಿನ ಹೆಂಗೆ ಓಡಿಸ್ದೆ' ಅಂತ ಊರಿಗೆಲ್ಲ ಕೇಳೋ ಹಾಗೆ ಬೈತಿದ್ದ. ಇನ್ನೊಂದ್ಸಲ ಹಂಗೆ ಬೈಸ್ಕೋಬೇಕು. ನಾಳೆನೂ ಸಡ್ಲ ಮಾಡ್ತೀನಿ."