ಅಪ್ಪನ ಟವೆಲ್ಲಿನ ಮಸಿ

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ, ಹೊನ್ನಾಳಿ ದಾಟಿ ನ್ಯಾಮತಿಯ ದಾರಿ ಹಿಡಿದಾಗ, ಹಿಂದಿನ ಸೀಟಿನಲ್ಲಿದ್ದ ಅವ್ವ ಮಾತು ನಿಲ್ಲಿಸಿದಳು. ಕತ್ತಲಗೆರೆಯಲ್ಲಿ ಕೊಂಡ ತೆಂಗಿನ ಸಸಿಗಳನ್ನು ಅಕ್ಕನ ಮನೆಗೆ ಒಯ್ಯುತ್ತಿದ್ದೆವು. ಗರಿಗಳು ಉದ್ದವಾಗಿದ್ದುದರಿಂದ ಡಿಕ್ಕಿಯನ್ನು ಅರ್ಧ ತೆರೆದು ಹಗ್ಗದಲ್ಲಿ ಕಟ್ಟಿದ್ದೆ. ಧೂಳಿಗೆ ಅವ್ವ ಕೆಮ್ಮುತ್ತಾಳೆಂದು ಗಾಜುಗಳನ್ನೆಲ್ಲ ಏರಿಸಿದ್ದೆ.

ನನಗೂ ತಲೆ ಸಿಡಿಯುತ್ತಿತ್ತು. ಬಿಸಿಲಿಗೆ ಎಂದುಕೊಂಡೆ; ಹೊಗೆಯ ವಾಸನೆ ಹಳೇ ಕಾರಿಗೆ ಇದ್ದದ್ದೇ. ಕನ್ನಡಿಯಲ್ಲಿ ನೋಡಿದರೆ ಅವ್ವನ ತಲೆ ವಾಲಿತ್ತು. ಎರಡು ಸಲ ಕೂಗಿದೆ. ಓಗೊಡಲಿಲ್ಲ.

ಕಾರು ನಿಲ್ಲಿಸಿ ಅವಳನ್ನು ಹುಣಸೆಮರದ ಬುಡಕ್ಕೆ ಎಳೆದೆ. ದಾರಿಯಲ್ಲಿ ಬಂದ ಆಟೋದವರು ಆಸ್ಪತ್ರೆಗೆ ಮುಟ್ಟಿಸಿದರು. ಆಕ್ಸಿಜನ್ ಹಾಕಿದ ಎಷ್ಟೋ ಹೊತ್ತಿನ ಮೇಲೆ ಅವ್ವ ಕಣ್ಣು ಬಿಟ್ಟು, "ಸಸಿ ಎಲ್ಲಿ ಬಿಟ್ಟೆ?" ಎಂದಳು.

ಕಾರನ್ನು ನೋಡಿದ ಮೆಕ್ಯಾನಿಕ್ ಬೈದೇಬಿಟ್ಟ. "ಏರ್ ಫಿಲ್ಟರ್ ಪೂರಾ ಕಟ್ಟೈತೆ, ಪೆಟ್ರೋಲ್ ಸರಿ ಸುಡದೆ ಕರ‍್ರಗೆ ಹೊಗೆ ಬರ್ತೈತೆ. ಮೇಲೆ ಡಿಕ್ಕಿ ಬೇರೆ ತೆಗ್ದಿಟ್ಕಂಡು ಬಂದೀರಿ. ಸೈಲೆನ್ಸರ್ ಬಿಟ್ಟಿದ್ದೆಲ್ಲ ಒಳಗೇ ಎಳ್ಕೊಂತೈತೆ. ಓದಿದೋರಲ್ವೇನ್ರೀ?"

ಓದಿದ್ದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಹೊಗೆಯಲ್ಲಿ ಬೆರೆತು ಉಸಿರಿಗೆ ವಿಷವಾಗುವ ಕಾರ್ಬನ್ ಮೊನಾಕ್ಸೈಡ್ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಆದರೆ ಅಪ್ಪ ಹೋದ ಮೇಲೆ ಆ ಕಾರಿನ ಹಿಂದೆ ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಜಗಳೂರಿನಲ್ಲಿ ಮೇಷ್ಟರಾಗಿದ್ದಾಗ ಅಪ್ಪ ಕೊಂಡ ಕಾರು ಅದು. ದಿನಾ ಬೆಳಿಗ್ಗೆ ಎಂಜಿನ್ ಬಿಸಿಯಾದ ಮೇಲೆ ಸೈಲೆನ್ಸರ್ ಹಿಂದೆ ಹಳೆಯ ಬಿಳಿ ಟವೆಲ್ ಹಿಡಿಯುತ್ತಿದ್ದರು. "ಕಪ್ಪಾದ್ರೆ ಪೆಟ್ರೋಲ್ ಜಾಸ್ತಿ ಕುಡೀತೈತೆ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತೈತೆ. ಬಿಸಿ ಆದ್ರೂ ಬಿಳಿ ಹೊಗೆ ನಿಲ್ಲಲಿಲ್ಲ ಅಂದ್ರೆ ರೇಡಿಯೇಟರ್ ನೀರು ಒಳಗೆ ಇಳೀತೈತೆ. ನೋಡಿಲ್ಲಿ ಮಗಾ."

ನಾನು ಮೊಬೈಲಿನಿಂದ ತಲೆ ಎತ್ತುತ್ತಿರಲಿಲ್ಲ. ಅವ್ವ ಒಳಗಿನಿಂದಲೇ, "ಮಗಳ ಮೂಗು ಒಂದಿನ ಒರೆಸಲಿಲ್ಲ, ಕಾರಿನ ಮೂಗು ದಿನಾ ಒರೆಸ್ತಾರೆ!" ಎನ್ನುತ್ತಿದ್ದಳು.

ಚನ್ನಗಿರಿಯ ನಮ್ಮ ಮನೆಗೆ ಮರಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಅವ್ವನ ಉಸಿರಿಗೆ ಕಿವಿಗೊಟ್ಟೇ ರಾತ್ರಿಗಳು ಕಳೆದವು. ರಿಪೇರಿಯಾದ ಕಾರು ಬಂದ ಬೆಳಿಗ್ಗೆ ಗೋಡೆಯ ಮೊಳೆಯಿಂದ ಆ ಟವೆಲ್ ತೆಗೆದೆ. ಅವ್ವ ಅದನ್ನು ಒಗೆದೇ ಇರಲಿಲ್ಲ. ಅಪ್ಪನ ಕಾಲದ ಮಸಿಯ ಗುರುತುಗಳ ಪಕ್ಕದಲ್ಲಿ ಖಾಲಿ ಜಾಗ ಹುಡುಕಿ ಸೈಲೆನ್ಸರಿಗೆ ಹಿಡಿದೆ. ತೆಳ್ಳಗೆ ಬೂದಿಬಣ್ಣ, ಅಷ್ಟೇ. ತೋರಿಸೋಣವೆಂದು ತಿರುಗಿದೆ. ಹಿಂದೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನಿದ್ದೆಯಿಂದ ಕಣ್ಣು ಬಿಟ್ಟಾಗ ಅವ್ವ ನನ್ನ ಭುಜ ಹಿಡಿದು ಅಲುಗಾಡಿಸುತ್ತಿದ್ದಳು. "ಏಳೇ, ಹೊತ್ತೇರೈತೆ. ಆಗ್ಲಿಂದ ಎಷ್ಟು ಕೂಗಲಿ?"