ಸಿಹಿ ಬೇರು ಮತ್ತು ಅಜ್ಜಿಯ ಎಡಗಣ್ಣು

ಜನವರಿ 19, ಭಾನುವಾರ, ಬೆಳಿಗ್ಗೆ 6.40. ಮಲೇಷ್ಯಾದಲ್ಲಿ ಹೋಟೆಲ್ ಕೆಲಸ ಮಾಡುವ ಚಿಕ್ಕಪ್ಪ ರಜೆಗೆ ತಮಿಳುನಾಡಿನ ನಮ್ಮೂರು ಪಾಪಿರೆಡ್ಡಿಪಟ್ಟಿಗೆ ಬಂದಿಳಿದರು. ಪೆಟ್ಟಿಗೆಯಿಂದ ಮೊದಲು ಹೊರಬಂದದ್ದು ಸೋಪು, ಆಮೇಲೆ ತಲೆನೋವಿನ ತೈಲ, ಆಮೇಲೆ ಮೈತುಂಬ ಚೀನೀ ಅಕ್ಷರವಿದ್ದ ಒಂದು ದಪ್ಪ ಪೊಟ್ಟಣ. ಒಳಗೆ ಓರೆಯಾಗಿ ಕತ್ತರಿಸಿದ ಹಳದಿ ಬೇರಿನ ಬಿಲ್ಲೆಗಳು.

"ಕೆಮ್ಮಿಗೆ, ಗಂಟಲಿಗೆ, ಒಟ್ಟೆ ಉರಿಗೆ, ಎಲ್ಲಾಕೂ ಇದೇ ಅವ್ವಾ. ಚೀನಾದವ್ರು ಯಾವ ಔಸ್ದಿ ಕಾಯ್ಸಿದ್ರೂ ಜತೇಲಿ ಇದನ್ನ ಒಂದು ಚೂರು ಆಕ್ತಾರೆ" ಎಂದರು ಚಿಕ್ಕಪ್ಪ.

ಅಜ್ಜಿ ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡರು. ಮುಖ ಅರಳಿತು.

"ಲೇ, ಇದು ಔಸ್ದಿ ಅಲ್ಲ ಕಣ್ಲಾ, ಮಿಠಾಯಿ. ಔಸ್ದಿ ಅಂದ್ರೆ ಮಕ ಕಿವುಚ್ಕೋಬೇಕು."

ನಮ್ಮ ಮನೆಯ ವೈದ್ಯಶಾಸ್ತ್ರ ಇಷ್ಟೇ. ಬೇವು, ನೆಲಬೇವಿನ ಕಷಾಯ, ಆಸ್ಪತ್ರೆಯ ಮಾತ್ರೆ, ಇವು ಕಹಿ, ಆದ್ದರಿಂದ ಮದ್ದು. ಸಿಹಿಯಾದದ್ದೆಲ್ಲ ತಿಂಡಿ. ಹಾಗಾಗಿ ಪೊಟ್ಟಣ ಮಾತ್ರೆಯ ಡಬ್ಬಿಗೆ ಹೋಗದೆ ಅಜ್ಜಿಯ ಎಲೆಅಡಿಕೆ ಚೀಲಕ್ಕೆ ಹೋಯಿತು. ಮರುದಿನದಿಂದ ಅಜ್ಜಿ ಟೀಗೂ ಸಕ್ಕರೆ ಬೇಡವೆಂದು ಎರಡು ಬಿಲ್ಲೆ ಕುದಿಸಿ ಹಾಕಿಸಿಕೊಳ್ಳತೊಡಗಿದರು. ನಾನು ಡೈರಿಯಲ್ಲಿ "ಅಜ್ಜಿ ಸಕ್ಕರೆ ಬಿಟ್ಟರು, ಮೆಚ್ಚಬೇಕಾದ್ದು" ಎಂದು ಬರೆದೆ.

ಆಗ ಅಜ್ಜಿಯ ಎಡಗಣ್ಣಿನಲ್ಲಿ ಪೊರೆ ಬಲಿತಿತ್ತು. ಸೇಲಂನ ಕಣ್ಣಾಸ್ಪತ್ರೆಯಲ್ಲಿ ಫೆಬ್ರವರಿ 17ಕ್ಕೆ ಆಪರೇಷನ್ ನಿಗದಿಯಾಗಿತ್ತು. ಅವಸರಕ್ಕೆ ಕಾರಣ ಹುಣಸೆ. ನಮ್ಮ ಬೀದಿಯ ಹೆಂಗಸರು ಸುಗ್ಗಿಯಲ್ಲಿ ಒಟ್ಟಿಗೆ ಕೂತು ಹುಣಸೆ ಬಿಡಿಸುತ್ತಾರೆ. ಕುಟ್ಟಿ ಬೀಜ ತೆಗೆಯುವುದರಲ್ಲಿ, ನಾರು ಎಳೆಯುವುದರಲ್ಲಿ ಅಜ್ಜಿಯೇ ಹಿರಿಯರು. ಈ ಸಲ ಪಕ್ಕದ ಮನೆಯ ಅತ್ತೆ ಅವರ ಮುಂದಿನ ಮೊರವನ್ನೇ ಎತ್ತಿಕೊಂಡುಬಿಟ್ಟಿದ್ದರು.

"ಬುಡು ದೊಡ್ಡವ್ವಾ. ನೀ ಬುಡ್ಸಿದ್ರಾಗೆ ಬೀಜ ಐತೆ, ನಾರೈತೆ. ಉಣಸೆ ಎಲ್ಲೈತೆ ಅಂತ ನಾವು ಉಡುಕ್ಬೇಕು."

ಸುಗ್ಗಿ ಮುಗಿಯುವುದರೊಳಗೆ ಕಣ್ಣು ಬರಬೇಕು, ಮೊರ ವಾಪಸ್ ಬರಬೇಕು. ಅಜ್ಜಿಗೆ ಬೇಕಾಗಿದ್ದದ್ದು ಅಷ್ಟೇ.

ಫೆಬ್ರವರಿ 17ರಂದು ಮಂಜವಾಡಿ ಕಣಿವೆ ದಾಟಿ ಸೇಲಂಗೆ ಹೋದೆವು. ಬೀಪಿ 178ಕ್ಕೆ 100. ಮಾತ್ರೆ ತಪ್ಪದೆ ನುಂಗಿ ಯಾವಾಗಲೂ 130ರ ಆಸುಪಾಸಿನಲ್ಲೇ ಇರುತ್ತಿದ್ದವರು. ಆಪರೇಷನ್ ಮುಂದಕ್ಕೆ ಹೋಯಿತು.

ನಾನು ಬೀಪಿ ಮೆಷಿನ್ ತಂದು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ: ಉಪ್ಪು, ನಿದ್ದೆ, ಮಾತ್ರೆ, ಸೀರಿಯಲ್. ಉಪ್ಪಿನಕಾಯಿ ನಿಲ್ಲಿಸಿದೆ; ಇಳಿಯಲಿಲ್ಲ. ಹಪ್ಪಳ ನಿಲ್ಲಿಸಿದೆ, ಇಳಿಯಲಿಲ್ಲ. ಸೀರಿಯಲ್ಲಿನ ಅತ್ತೆ ಸೊಸೆಗೆ ಕಾಟ ಕೊಡುವುದನ್ನು ನೋಡಿಯೇ ಏರುತ್ತಿದೆಯೆಂದು ಒಂದು ವಾರ ಟೀವಿ ಆರಿಸಿಟ್ಟೆ. ಆ ವಾರದ್ದೇ ಅತಿ ಹೆಚ್ಚು.

"ಆ ಸೊಸೆ ಏನಾದ್ಲೋ ಅನ್ನೋ ಯೋಚ್ನೇಗೇ ಏರೈತೆ. ಆಕು ಟೀವಿ" ಎಂದರು ಅಜ್ಜಿ. ಕಾಲು ಬೇರೆ ಬಾತುಕೊಳ್ಳತೊಡಗಿತ್ತು.

ಮಾರ್ಚ್ 10ರಂದು ಮತ್ತೆ ಸೇಲಂ, ಮತ್ತೆ 180. ಮಾತ್ರೆ ಹೆಚ್ಚಿಸಿ ಕಳಿಸಿದರು. ಬಸ್ಸಿನಲ್ಲಿ ಅಜ್ಜಿ ಸೆರಗು ಬಿಗಿದುಕೊಂಡು ಹೇಳಿದರು: "ಇನ್ನೊಂದು ಕಿತ ವಾಪಸ್ ಕಳ್ಸಿದ್ರೆ ನಾನು ಬರಾಕಿಲ್ಲ ಕಣಮ್ಮಣಿ. ಒಂದು ಕಣ್ಣಾಗೇ ಸಾಯ್ತೀನಿ."

ಮಾರ್ಚ್ 24 ಮೂರನೆಯ ಸಲ. ಬೀಪಿ ನೋಡಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅವರಿಗೇ ನೆಗಡಿ, ಮಾತು ಮಾತಿಗೂ ಕೆಮ್ಮು. 176 ಎಂದು ನೋಡಿ ಹಣೆ ಚಚ್ಚಿಕೊಂಡರು.

"ಪಾಟ್ಟಿ, ನಾಟ್ಟು ಮರುಂದು ಏದಾವದು ಸಾಪ್ಪಿಡ್ರೀಂಗಳಾ?" ಅಜ್ಜೀ, ನಾಟಿ ಮದ್ದು ಏನಾದರೂ ತಿನ್ನುತ್ತೀರಾ ಎಂದು.

"ಸತ್ತಿಯಮಾ ಇಲ್ಲೆ, ಕಣ್ಣು" ಎಂದರು ಅಜ್ಜಿ, ಆಣೆಯಿಡುವ ದನಿಯಲ್ಲಿ: ಸತ್ಯವಾಗಿಯೂ ಇಲ್ಲ, ಮಗಳೇ. ಸುಳ್ಳಲ್ಲ. ಅವರ ಲೆಕ್ಕದಲ್ಲಿ ಕಹಿಯಾದದ್ದು ಯಾವುದನ್ನೂ ಅವರು ತಿಂದಿರಲಿಲ್ಲ.

ಡಾಕ್ಟರಮ್ಮ ಮತ್ತೆ ಕೆಮ್ಮಿದರು. ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿ, ಒಂದು ಬಿಲ್ಲೆ ತೆಗೆದು, ಸೆರಗಿನಲ್ಲಿ ಒರೆಸಿ ಮುಂದೆ ಹಿಡಿದರು. "ಇದ ಬಾಯಾಗೆ ಆಕ್ಕೊ ತಾಯಿ. ನಂಗೆ ಕೆಮ್ಮೇ ಬರಾಕಿಲ್ಲ ಈಗ."

ಡಾಕ್ಟರಮ್ಮ ಮೂಸಿ ನೋಡಿದರು. ನಾಲಗೆಯ ತುದಿಗೆ ಮುಟ್ಟಿಸಿದರು. "ಇದು ಅತಿಮಧುರಂ ದಾನೇ!" ಅತಿಮಧುರ, ಅಂದರೆ ಜ್ಯೇಷ್ಠಮಧು, ಅಲ್ಲವೇ ಇದು ಎಂದು.

ದಿನಕ್ಕೆ ಎಷ್ಟು ಎಂದು ಕೇಳಿದರು. ಅಜ್ಜಿ ಹೆಮ್ಮೆಯಿಂದ ಬೆರಳು ಮಡಿಸಿದರು: ಎದ್ದ ತಕ್ಷಣ, ಟೀಗೆ, ಉಂಡ ಮೇಲೆ, ಮಾತ್ರೆ ಜತೆಗೆ.

"ಮಾತ್ರೆ ಜತೆಗಾ?" ಎಂದರು ಡಾಕ್ಟರಮ್ಮ.

"ಚೀನಾದವ್ರು ಎಲ್ಲಾ ಔಸ್ದಿ ಜತೇಗೂ ಆಕ್ತಾರಂತೆ. ನಮ್ಮ ಮಗನೇ ಯೋಳವ್ನೆ."

ನಾನು ಅದನ್ನು ತಮಿಳಿಗೆ ತಿರುಗಿಸಿ ಹೇಳಿದೆ. ಡಾಕ್ಟರಮ್ಮನಿಗೆ ನಗು ಬಂದು, ನಗುವಿನಲ್ಲಿ ಕೆಮ್ಮು ಬಂದು, ನೀರು ಕುಡಿದು ವಿವರಿಸಿದರು. ನಮ್ಮ ಗಂಧಿಗೆ ಅಂಗಡಿಯ ಅತಿಮಧುರವೂ ಚೀನಾದ ಈ ಬೇರೂ ಒಂದೇ ಜಾತಿಯ ದಾಯಾದಿಗಳು. ಕೆಮ್ಮಿಗೆಂದು ಎರಡು ದಿನ ಚೂರು ಚೂರು ತಿನ್ನುವುದು ಬೇರೆ. ಬೀಪಿ ಇರುವವರು ವಾರಗಟ್ಟಲೆ ಇಡೀ ದಿನ ಜಗಿಯುವುದು ಬೇರೆ. ಅದು ಮೈಯಲ್ಲಿ ಉಪ್ಪನ್ನೂ ನೀರನ್ನೂ ತಡೆದು ನಿಲ್ಲಿಸುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಬೀಪಿ ಏರುವುದು, ಕಾಲು ಬಾಯುವುದು ಅದರಿಂದಲೇ ಇರಬಹುದು. ಮಿತಿ ಮೀರಿದರೆ ಎದೆಬಡಿತವೂ ತಾಳ ತಪ್ಪಬಹುದು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಮ್ಮಿಯೇ ಬಂತು. ಅದಕ್ಕೆ ಔಷಧಿ ಕೊಟ್ಟು, ಬೇರು ಇವತ್ತೇ ನಿಲ್ಲಿಸಿ, ಬೀಪಿ ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ ಎಂದರು.

ಬಸ್ ಹತ್ತಿ ಅಜ್ಜಿ ಚೀಲದಿಂದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಆಮೇಲೆ, "ಸೀ ಇದ್ದಿದ್ದೂ ಔಸ್ದಿ ಅಂದ್ಮೇಲೆ ಇನ್ನ ಯಾರ್‍ನ ನಂಬಾದು?" ಎಂದರು. ನಾನು ಡೈರಿ ತೆಗೆದು "ಸಕ್ಕರೆ ಬಿಟ್ಟರು" ಎಂಬಲ್ಲಿ "ಮೆಚ್ಚಬೇಕಾದ್ದು" ಎನ್ನುವುದನ್ನು ಹೊಡೆದುಹಾಕಿದೆ.

ಬೀಪಿ ಒಂದೇ ದಿನಕ್ಕೆ ಇಳಿಯಲಿಲ್ಲ. ಮೊದಲ ವಾರ ಹಾಗೇ ಇತ್ತು, ಎರಡನೆಯ ವಾರ ಕಾಲಿನ ಬಾವು ಹೋಯಿತು. ಏಪ್ರಿಲ್ 21ಕ್ಕೆ 134. ಅಂದೇ ಸೇರಿಸಿಕೊಂಡು ಮರುದಿನ ಆಪರೇಷನ್ ಮಾಡಿದರು.

ಡಾಕ್ಟರು ಒಪ್ಪಿದ ಮೇಲೆ ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಬೀದಿಗೆ ಬಂದರು. ಹುಣಸೆಯ ಕೊನೆಯ ಮೂಟೆ ಬಿಚ್ಚಿದ್ದರು. ಅಜ್ಜಿ, ಪಕ್ಕದ ಮನೆಯ ಅತ್ತೆ ಬಿಡಿಸಿಟ್ಟ ಗುಡ್ಡೆಯ ಮುಂದೆ ಕೂತು, ಕನ್ನಡಕ ಹಣೆಗೇರಿಸಿ, ಆ ಗುಡ್ಡೆಯೊಳಗಿನಿಂದ ಒಂದು ನಾರು ಎಳೆದರು. ಆಮೇಲೆ ಇನ್ನೊಂದು. ಆಮೇಲೆ ಒಂದು ಬೀಜ.

"ಏನಮ್ಮಿ," ಎಂದರು, "ಸೇಲಂ ಡಾಕ್ಟ್ರ ವಿಳಾಸ ಬೇಕಾ?"

ಮೊರ ವಾಪಸ್ ಬಂತು.

ಈಗ ಉಳಿದಿರುವ ಚಿಂತೆ ಒಂದೇ. ರಜೆ ಮುಗಿಸಿ ಮಲೇಷ್ಯಾಕ್ಕೆ ಮರಳಿದ ಚಿಕ್ಕಪ್ಪ ನಿನ್ನೆ ಅಲ್ಲಿಂದ ಇನ್ನೊಂದು ಬೇರಿನ ಫೋಟೋ ಕಳಿಸಿದ್ದಾರೆ. ಮನುಷ್ಯನ ಹಾಗೆ ಎರಡು ಕಾಲು, ಮೀಸೆಯಂಥ ಎಳೆಗಳು. "ಇದು ಕಹಿ ಐತೆ, ಅವ್ವ ನಂಬ್ತಾಳೆ" ಎಂದು ಬರೆದಿದ್ದಾರೆ. ಇದು ಯಾವ ಬೇರು, ಬೀಪಿ ಮಾತ್ರೆಗೆ ಹೊಂದುತ್ತದೆಯೋ ಇಲ್ಲವೋ, ತಿಳಿದವರು ದಯವಿಟ್ಟು ಬರೆಯಿರಿ. ಚಿಕ್ಕಪ್ಪ ಅದನ್ನು ಹಿಡಿದು ಮುಂದಿನ ರಜೆಗೆ ವಿಮಾನ ಹತ್ತುವುದರೊಳಗೆ ಬರೆದರೆ ಉತ್ತಮ.