ಒಣಗಿಸುವ ಕೋಣೆಯಲ್ಲೊಂದು ಹಸಿರು ಹುಳು

ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಕೆಂಡದಕ್ಕ ಎನ್ನುತ್ತಿದ್ದರು. ಒಣಗಿಸುವ ಕೋಣೆಯ ಬಿಸಿ ಕೊಳವೆಗಳ ನಡುವೆ ನಿಂತು ನಿಂತು ಮೈ ಸುಡುತ್ತಿತ್ತು. ಕೈ ಮುಟ್ಟಿದವರು ಜ್ವರವೇ ಎಂದು ಕೇಳುತ್ತಿದ್ದರು. ಆ ಕೋಣೆಗೆ ಚಿಲಕ ಹೊರಗಡೆ. ಬಟ್ಟೆ ಕಳುವಾಗುತ್ತದೆ ಅನ್ನುವುದು ನೆಪ. ಒಳಗೆ ಹೆಂಗಸರು ಉಸಿರುಕಟ್ಟಿ ಬಿದ್ದರೆ ಮಾಲೀಕನ ಗಂಟೇನೂ ಹೋಗುವುದಿಲ್ಲವಲ್ಲ.

ಮೇಸ್ತ್ರಿಗೆ ಸೂರ್ಯನಕುದುರೆ ಸಾಕುವ ಹುಚ್ಚು. ಮುಂಗಾಲು ಮಡಚಿ ಕೈಮುಗಿದ ಹಾಗೆ ನಿಂತು, ಹತ್ತಿರ ಬಂದ ನೊಣವನ್ನು ಗಬಕ್ಕನೆ ಹಿಡಿದು ತಿನ್ನುವ ಹುಳು ಅದು. ಮೊಟ್ಟೆಗೂಡು ಒಡೆದಾಗ ಆತ ಎಲ್ಲರಿಗೂ ಒಂದೊಂದು ಮರಿ ಹಂಚಿದ. ಅವರವರ ಬಾಟಲಿ ಅವರವರ ಕೆಲಸದ ಕಡೆ. ಒಗೆಯುವ ಕೋಣೆಯ ತೇವದಲ್ಲಿದ್ದವು ಪೊರೆ ಕಳಚುತ್ತ ಹಸಿರಾದವು. ಒಣಗಿಸುವ ಕೋಣೆಯವು ಒಣಕಡ್ಡಿಯ ಬಣ್ಣಕ್ಕೆ ತಿರುಗಿದವು. ಇದು ಹುಟ್ಟಿನದಲ್ಲ, ಹವೆಯ ಕೆಲಸ ಎಂದು ಮೇಸ್ತ್ರಿ ಕಂಡಕಂಡವರಿಗೆಲ್ಲ ಪಾಠ ಒಪ್ಪಿಸುತ್ತಿದ್ದ. ಅದೇ ಹವೆ ಕುಡಿಯುವ ಹೆಂಗಸರ ವಿಷಯ ಆ ಪಾಠದಲ್ಲಿರಲಿಲ್ಲ.

ಕೆಂಡದಕ್ಕನಿಗೆ ಕೆಮ್ಮು ಹತ್ತಿತು. ಒಗೆಯುವ ಕಡೆ ಹಾಕಿ ಎಂದು ಅಂಗಲಾಚಿದರೂ ಮೇಸ್ತ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕಡೆ ಕೆಲಸಕ್ಕಿದ್ದ ನಾದಿನಿಯೇ ದಾರಿ ಮಾಡಿದಳು. ಮೇಸ್ತ್ರಿ ಚಹಾಕ್ಕೆ ಹೋದ ಕೂಡಲೇ ಚಿಲಕ ಸರಿಸುವಳು. ಅತ್ತಿಗೆ ಹೋಗಿ ಒದ್ದೆ ಗೋಡೆಗೆ ಬೆನ್ನು ಕೊಟ್ಟು, ಉಸಿರು ತುಂಬಿಕೊಂಡು ಮರಳುವಳು. ತನ್ನ ಹುಳುವನ್ನೂ ಅಲ್ಲಿನ ಬಾಟಲಿಗಳ ನಡುವೆ ಸೇರಿಸಿಟ್ಟಳು. ಅದಾದರೂ ತಣ್ಣಗಿರಲಿ ಅಂತ.

ಅಲ್ಲಿ ಅದು ಕೊನೆಯ ಪೊರೆ ಕಳಚಿ, ರೆಕ್ಕೆ ಮೂಡಿ, ಎಳೆ ಎಲೆಯ ಹಾಗೆ ಹಸಿರಾಯಿತು. ಕೆಂಡದಕ್ಕ ಎಡವಿದ್ದು ಅಲ್ಲೇ. ಜೊತೆಯವರಿಗೆ ತೋರಿಸುವ ಆಸೆಗೆ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಒಣಗಿಸುವ ಕೋಣೆಗೆ ತಂದು ಗೋಡೆಗೂಡಿನಲ್ಲಿ ಉಳಿದವರ ಬಾಟಲಿಗಳ ಜೊತೆಗಿಟ್ಟಳು. ಕಂದು ಹುಳುಗಳ ಸಾಲಿನಲ್ಲಿ ಒಂದೇ ಒಂದು ಹಸಿರು. ಮೇಸ್ತ್ರಿಯ ಕಣ್ಣು ಬೇರೆಲ್ಲಿಗೆ ಹೋದೀತು?

"ಇದಕ್ಕೆ ಇಲ್ಲಿ ಹಸಿರು ಹೇಗಮ್ಮಾ ಬಂತು?"

"ದಿನಾ ನೀರು ಚಿಮುಕಿಸ್ತೀನಲ್ಲ ಸಾರ್."

"ಈ ಕೋಣೇಲಿ ಚಿಮುಕಿಸಿದ್ದು ಬಾಟಲಿ ಮುಟ್ಟೋದ್ರೊಳಗೆ ಆರಿಹೋಗುತ್ತೆ. ನನಗೇ ಕಥೆ ಕಟ್ಬೇಡ. ಚಿಲಕ ತೆಗ್ದೋರು ಯಾರು ಹೇಳು, ನಾಳೆನೇ ನಿನ್ನ ಒಗೆಯೋ ಕಡೆ ಹಾಕ್ತೀನಿ. ತೆಗ್ದೋಳು ಮನೆಗೆ ಹೋಗ್ತಾಳೆ, ಅಷ್ಟೆ."

ಎಷ್ಟೋ ಸಲ ಬೇಡಿದ್ದು ಕೈಗೆ ಸಿಗುವ ಹಾಗಿತ್ತು. ಕೆಂಡದಕ್ಕ ಕೆಮ್ಮಿದಳು, ಬಾಯಿ ಒರೆಸಿಕೊಂಡಳು.

"ಕುದುರೆ ಅಲ್ವಾ ಸಾರ್, ಒಂದು ಸುತ್ತು ಹೋಗಿ ಬಂದಿರ್ಬೇಕು."

ಹೆಂಗಸರು ನೇತುಹಾಕಿದ ಚಾದರಗಳ ಹಿಂದೆ ಕಿಸಕ್ಕೆಂದರು. ಮೇಸ್ತ್ರಿ ಅಂದೇ ಚಿಲಕಕ್ಕೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದ. ಬಾಟಲಿಯನ್ನು ಎಲ್ಲಕ್ಕಿಂತ ಬಿಸಿ ಕೊಳವೆಯ ಪಕ್ಕ ಇಟ್ಟು, ಇನ್ನೆಷ್ಟು ದಿನ ಹಸಿರಾಗಿರುತ್ತದೋ ನೋಡೋಣ ಅಂದ.

ಆ ರಾತ್ರಿ ಮನೆಯಲ್ಲಿ ನಾದಿನಿ ತಟ್ಟೆ ಪಕ್ಕಕ್ಕೆ ಸರಿಸಿದಳು. "ಅತ್ತಿಗೆ, ನಾನೇ ಹೋಗಿ ಹೇಳ್ಬಿಡ್ತೀನಿ."

"ಬಾಯ್ಮುಚ್ಕೊಂಡು ಉಣ್ಣು. ಇಬ್ರೂ ಮನೇಲಿ ಕೂತು ಏನನ್ನ ಕಡಿಯೋಣ?"

ಮೇಸ್ತ್ರಿ ಕೋಪದಲ್ಲಿ ತನ್ನ ಪಾಠವನ್ನೇ ಮರೆತಿದ್ದ. ಬಣ್ಣ ತಿರುಗುವುದು ಪೊರೆ ಕಳಚುವಾಗ, ರೆಕ್ಕೆ ಬಂದ ಹುಳುವಿಗೆ ಕಳಚಲು ಇನ್ನು ಪೊರೆಯಿಲ್ಲ. ದಿನಾ ಬೆಳಿಗ್ಗೆ ಹೆಂಗಸರನ್ನು ಒಳಬಿಡಲು ಬೀಗ ತೆಗೆದವನು ಮೊದಲು ಬಾಟಲಿಯತ್ತ ನೋಡುತ್ತಾನೆ. ಹುಳು ಹಸಿರಾಗಿಯೇ ಇದೆ, ಬಾಟಲಿಯೊಳಗೆ. ಆತ ಮುಖ ಗಂಟಿಕ್ಕಿಕೊಂಡು ಮತ್ತೆ ಬೀಗ ಹಾಕುತ್ತಾನೆ. ಕೆಂಡದಕ್ಕ ಒಳಗಿದ್ದಾಳೆ, ಕೆಮ್ಮುತ್ತ ಚಾದರ ಮಡಚುತ್ತಾಳೆ.